ಸೂರು ಕೊಟ್ಟರು, ನೆರಳು ಕೊಡಲಿಲ್ಲ

ಓದುಗ ಬಂಧುಗಳು ಬೇಸಿಗೆಯ ಒಂದು ರಾತ್ರಿ ಊಟ ಮುಗಿಸಿ, ಒಂಬತ್ತು ಗಂಟೆಯ ಸುಮಾರಿಗೆ, ಫ್ಯಾನು ಆರಿಸಿ, ಸ್ಟೂಲೊಂದನ್ನು ಹತ್ತಿ, ತಮ್ಮ ಆರ್.ಸಿ.ಸಿ. ಮನೆಯ ಸೂರಿಗೆ ಒಳಗಿನಿಂದ ಅಂಗೈ ಇಟ್ಟು ನೋಡಬೇಕೆಂದು ನಮ್ಮ ಕೋರಿಕೆ. ಸೂರ್ಯ ಮುಳುಗಿ ಎರಡು ತಾಸಿನ ಮೇಲಾಗಿರುತ್ತದೆ. ಬೀದಿಯಲ್ಲಿ ಗಾಳಿ ತಣ್ಣಗಾಗಿರುತ್ತದೆ. ಸೂರು ಮಾತ್ರ ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ರೊಟ್ಟಿಹಂಚಿನ ಹಾಗೆ ಬೆಚ್ಚಗಿರುತ್ತದೆ. ಬಯಲುಸೀಮೆಯ ಬಿಸಿಲಿನಲ್ಲಿ ಆ ಸ್ಲ್ಯಾಬಿನ ಮೇಲ್ಮೈ ಮಧ್ಯಾಹ್ನ 60 ಡಿಗ್ರಿಯ ಆಸುಪಾಸಿಗೆ ಕಾಯುತ್ತದೆ. ಹೀರಿಕೊಂಡ ಶಾಖವನ್ನೆಲ್ಲ ಅದು ಸಂಜೆಯಿಂದ ನಡುರಾತ್ರಿಯವರೆಗೆ ನಿಧಾನವಾಗಿ ಕೆಳಕ್ಕೆ ಬಿಡುತ್ತದೆ. ಇನ್ನು ಸ್ಟೂಲಿನಿಂದ ಇಳಿದು ಫ್ಯಾನು ಹಾಕಿ. ಫ್ಯಾನಿಗೆ ತಂಪು ಮಾಡುವ ಶಕ್ತಿಯಿಲ್ಲ. ಸೂರಿನ ಕೆಳಗೆ ಕಾದು ನಿಂತ ಗಾಳಿಯನ್ನೇ ಹಿಡಿದು ಮಲಗಿದವರ ಮೈಮೇಲೆ ಸುರಿಯುವುದಷ್ಟೇ ಅದರ ಕೆಲಸ. ಈ ಸೇವೆಗಾಗಿ ನಾವು ತಿಂಗಳು ತಿಂಗಳೂ ಬಿಲ್ಲು ಕಟ್ಟುತ್ತಿದ್ದೇವೆ.

ಕಳೆದ ಬೇಸಿಗೆಯಲ್ಲಿ ಊರ ಹೊರಗಿನ ಹೊಸ ಬಡಾವಣೆಗೆ ನಾವು ಹೋಗಿದ್ದೆವು. ಮಧ್ಯಾಹ್ನ ಎರಡು ಗಂಟೆಯಾಗಿತ್ತು. ನೂಲಿನ ಗಿರಣಿಯಲ್ಲಿ ರಾತ್ರಿಪಾಳಿ ಮುಗಿಸಿ ಬಂದಿದ್ದ ಗೆಳೆಯರೊಬ್ಬರು ತಮ್ಮ ಹೊಸ ಮನೆಯ ಹೊರಗೆ, ಪಕ್ಕದ ಸೈಟಿನಲ್ಲಿ ಅರ್ಧಕ್ಕೆ ನಿಂತ ಗೋಡೆಯ ನೆರಳಿನಲ್ಲಿ, ಚಾಪೆ ಹಾಸಿ ಮಲಗಿದ್ದರು. ನೊಣ ಮುತ್ತುತ್ತಿತ್ತು, ಬೀದಿಯಲ್ಲಿ ಟ್ರ್ಯಾಕ್ಟರು ಓಡಾಡುತ್ತಿತ್ತು. ಒಳಗೆ ಹೋಗಿ ನೋಡಿದೆವು. ನೆಲಕ್ಕೆ ಹೊಳೆಯುವ ಟೈಲ್ಸು, ಗೋಡೆಗೆ ಬಣ್ಣ, ಬಾಗಿಲಿಗೆ ಕೆತ್ತನೆ. ಒಂದು ಕೊರತೆಯೂ ಇರಲಿಲ್ಲ, ನಿಂತುಕೊಳ್ಳಲು ಆಗುತ್ತಿರಲಿಲ್ಲ ಅಷ್ಟೆ. "ಹಳೇ ತಗಡಿನ ಮನಿ ಸಂಜೀಕ ಆರ್ತಿತ್ತು ಅಣ್ಣಾರ, ಇದು ನಡುರಾತ್ರಿ ಆದ್ರೂ ಆರೂದಿಲ್ಲ" ಎಂದರು ಅವರು. ಚೀಟಿ ಎತ್ತಿ, ಮನೆಯಾಕೆಯ ಸರ ಒತ್ತೆಯಿಟ್ಟು, ಬ್ಯಾಂಕಿಗೆ ಹದಿನೈದು ವರ್ಷದ ಕಂತು ಬರೆದುಕೊಟ್ಟು ಕಟ್ಟಿದ ಮನೆ ಅದು. ಆ ಮನೆಯ ಒಡೆಯ ಅದರೊಳಗೆ ನಿದ್ದೆ ಮಾಡಲಾರ.

ಇದನ್ನು ಸುಖದ ಕೊರತೆಯೆಂದು ಯಾರೂ ಹಗುರಾಗಿ ಎಣಿಸಬಾರದು. ಹಗಲು ನಿದ್ದೆಯಿಲ್ಲದವನು ರಾತ್ರಿ ಮತ್ತೆ ಯಂತ್ರದ ಮುಂದೆ ನಿಲ್ಲಬೇಕು. ತೂಕಡಿಕೆ ಬಂದಾಗ ಬೆರಳು ಎಲ್ಲಿ ಹೋಗುತ್ತದೆಂಬುದು ಗಿರಣಿಯವರಿಗೆ ನಾವು ಹೇಳಿಕೊಡಬೇಕಾದ ಮಾತಲ್ಲ. ಮನೆಯಲ್ಲೇ ಕುಳಿತು ಬೀಡಿ ಕಟ್ಟುವ, ಬಟ್ಟೆ ಹೊಲಿಯುವ ಹೆಣ್ಣುಮಕ್ಕಳಿಗೆ ಇಡೀ ದಿನ ಇದೇ ಸೂರಿನ ಕೆಳಗೆ. ಮುದುಕರು, ಕೂಸುಗಳ ಮಾತು ಇನ್ನೂ ಕಷ್ಟದ್ದು. ಒಂದು ಕಾಲಕ್ಕೆ ಬಟ್ಟೆ ಗಿರಣಿಗಳಿಗೆ ಹೆಸರಾಗಿದ್ದ ಅಹಮದಾಬಾದಿನಲ್ಲಿ 2010ರ ಮೇ ತಿಂಗಳಲ್ಲಿ ಬಿಸಿಲು 46 ಡಿಗ್ರಿ ದಾಟಿತ್ತು. ಆ ಒಂದು ತಿಂಗಳಲ್ಲಿ ಆ ಊರಿನಲ್ಲಿ ಸತ್ತವರು 4,462 ಮಂದಿ. ಮಾಮೂಲು ವರ್ಷಗಳ ಮೇ ತಿಂಗಳಿಗಿಂತ 1,344 ಹೆಚ್ಚು ಎಂದು ಆಮೇಲೆ ಲೆಕ್ಕಹಾಕಿದವರು ಕಂಡುಕೊಂಡರು. ಪ್ರವಾಹ ಬಂದು ಇಷ್ಟು ಜನ ಸತ್ತಿದ್ದರೆ ಮಂತ್ರಿಗಳು ವಿಮಾನದಲ್ಲಿ ಸುತ್ತುತ್ತಿದ್ದರು. ಶಾಖ ಸದ್ದಿಲ್ಲದೆ ಮನೆಯೊಳಗೆ ಬಂದು ಕೊಲ್ಲುತ್ತದೆ, ಆದುದರಿಂದ ಅದು ಸುದ್ದಿಯಾಗುವುದಿಲ್ಲ.

ವಿದ್ಯುತ್ ಉಳಿಸುವ ಮನೆ ಎಂದ ಕೂಡಲೇ ನಮ್ಮ ಜನ ನಗುತ್ತಾರೆ. ಅದು ಬೆಂಗಳೂರಿನ ಸಾಫ್ಟ್‌ವೇರ್ ಸಾಹುಕಾರರ ಹವ್ಯಾಸ, ಪತ್ರಿಕೆಗಳ ಭಾನುವಾರದ ಪುರವಣಿಯ ಬಣ್ಣದ ಚಿತ್ರ ಎಂಬುದು ಅವರ ಎಣಿಕೆ. ತಪ್ಪು ಅವರದಲ್ಲ; ಆ ಪುರವಣಿಗಳು ತೋರಿಸುವುದೇ ಹಾಗೆ. ಮೂರು ಕಡೆ ಗಾಜು ನಿಲ್ಲಿಸಿ, ಒಳಗೆ ಎ.ಸಿ. ಇಟ್ಟು, ಬಾಗಿಲಲ್ಲಿ ನಾಲ್ಕು ಕುಂಡ ಜೋಡಿಸಿ ಹಸಿರು ಮನೆ ಎಂದು ಹೆಸರಿಡುತ್ತಾರೆ. ನಮ್ಮ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಸಾಹುಕಾರ ತಪ್ಪು ಮನೆ ಕಟ್ಟಿದರೂ ದುಡ್ಡು ಸುರಿದು ತಂಪು ಕೊಂಡಾನು. ಜೀವಮಾನದಲ್ಲಿ ಒಂದೇ ಸಲ ಮನೆ ಕಟ್ಟುವವನಿಗೆ, ಕಟ್ಟಿದ್ದನ್ನು ಒಡೆದು ಕಟ್ಟುವ ಶಕ್ತಿಯಿಲ್ಲದವನಿಗೆ ಈ ವಿದ್ಯೆ ಬೇಕು. ಅವನ ಮುಂದಿನ ನಲವತ್ತು ವರ್ಷದ ಕರೆಂಟ್ ಬಿಲ್ಲು ಸ್ಲ್ಯಾಬ್ ಹಾಕಿದ ದಿನವೇ ಬರೆದು ಮುಗಿದಿರುತ್ತದೆ.

ನಮ್ಮ ಅಜ್ಜಂದಿರ ಮಾಳಿಗೆ ಮನೆಗಳನ್ನು ನೆನೆದು ಕಣ್ಣೀರು ಹಾಕುವವರ ಗುಂಪಿಗೆ ನಾವು ಸೇರಿದವರಲ್ಲ. ಒಂದೂವರೆ ಎರಡಡಿ ದಪ್ಪದ ಕಲ್ಲುಮಣ್ಣಿನ ಗೋಡೆ. ತೊಲೆ, ಜಂತೆ, ಅದರ ಮೇಲೆ ಕಡ್ಡಿ ಸೊಪ್ಪು, ಅದರ ಮೇಲೆ ಗೇಣುದ್ದ ಮಣ್ಣು, ಎಲ್ಲಕ್ಕೂ ಮೇಲೆ ನೀರಿಳಿಯದಂತೆ ಚೌಳುಮಣ್ಣಿನ ಮೇಲ್ಮುದ್ದೆ. ಬೇಸಿಗೆಯ ನಡುಹಗಲಲ್ಲಿ ಒಳಗೆ ಹೋದರೆ ಬಾವಿಗಿಳಿದಷ್ಟು ತಂಪು, ನಿಜ. ಆದರೆ ಒಳಗೆ ಕತ್ತಲೆ. ಬೆಳಕಿಂಡಿಯೊಂದೇ ಗತಿ. ತೊಲೆಯಿಂದ ಚೇಳು ಬೀಳುತ್ತಿತ್ತು, ಮಳೆಗಾಲದಲ್ಲಿ ಪಾತ್ರೆಗಳನ್ನು ಸೋರುವ ಕಡೆಗೆಲ್ಲ ಇಡಬೇಕಿತ್ತು, ವರ್ಷ ವರ್ಷ ಮಣ್ಣು ಹೊತ್ತು ಮೇಲೇರಿಸುವ ಕೆಲಸ ಮನೆಯ ಹೆಂಗಸರ ನಡುವನ್ನು ಮುರಿಯುತ್ತಿತ್ತು. ಅದನ್ನು ಬಿಟ್ಟು ಬಂದದ್ದಕ್ಕೆ ನಮ್ಮ ಜನರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಸಿಮೆಂಟಿನ ಸೂರು ಸೋರುವುದಿಲ್ಲ, ಅದರ ಮೇಲೆ ಇನ್ನೊಂದು ಅಂತಸ್ತು ಏರಿಸಬಹುದು, ಮಗಳ ಮದುವೆಗೆ ಶಾಮಿಯಾನ ಹಾಕಬಹುದು. ಕೆಟ್ಟದ್ದು ಇಷ್ಟೇ: ಗೇಣುದ್ದ ಮಣ್ಣು ಮಾಡುತ್ತಿದ್ದ ಕೆಲಸವನ್ನು ನಾಲ್ಕೈದಿಂಚಿನ ಕಾಂಕ್ರೀಟು ಮಾಡುತ್ತದೆಂದು ನಾವು ನಂಬಿದೆವು. ಮಣ್ಣನ್ನು ತೆಗೆದೆವು, ಅದರ ಜಾಗಕ್ಕೆ ಏನನ್ನೂ ಇಡಲಿಲ್ಲ.

ಈ ಸಂಗತಿ ಗಿರಣಿ ಕಟ್ಟಿಸಿದ ಹಳೆಯ ಧಣಿಗಳಿಗೆ ಚೆನ್ನಾಗಿ ಗೊತ್ತಿತ್ತು. ಹಳೆಯ ಗಿರಣಿ ಊರುಗಳಲ್ಲಿ ಇನ್ನೂ ನಿಂತಿರುವ ಮಾಲೀಕರ ಬಂಗಲೆಗಳನ್ನು ನೋಡಿ. ಹದಿನಾಲ್ಕು ಅಡಿ ಎತ್ತರದ ಕೋಣೆ, ಸುತ್ತಲೂ ಜಗುಲಿ, ಮೇಲೆ ಇಟ್ಟಿಗೆ ಸುಣ್ಣದ ಮದ್ರಾಸ್ ತಾರಸಿ. ಅದೇ ಗೇಟಿನೊಳಗಿನ ಕೂಲಿ ಲೈನಿಗೆ ತಗಡು. ಕಟ್ಟಿದ ಮೇಸ್ತ್ರಿಗಳು ಎರಡಕ್ಕೂ ಒಬ್ಬರೇ.

ಇನ್ನು ಸೂರ್ಯನ ವಿಚಾರ. ನಮ್ಮ ಸೀಮೆಯಲ್ಲಿ ಮೇ ತಿಂಗಳ ಮೊದಲ ದಿನಗಳ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕಂಬಕ್ಕೆ ನೆರಳಿರುವುದಿಲ್ಲ. ಅಂದರೆ ಬಿಸಿಲು ಅತಿ ಕಟುವಾದ ದಿನಗಳಲ್ಲಿ ಗೋಡೆಗಿಂತ ಸೂರಿಗೇ ಹೆಚ್ಚು ಏಟು. ಆದುದರಿಂದ ಮನೆ ಕಟ್ಟುವವರಲ್ಲಿ ನಮ್ಮ ಮೊದಲ ಮಾತು: ದುಡ್ಡು ಎಷ್ಟೇ ಕಡಿಮೆಯಿರಲಿ, ಅದರಲ್ಲೊಂದು ಪಾಲನ್ನು ಸ್ಲ್ಯಾಬಿನ ಮೇಲಿನ ಪದರಕ್ಕೆಂದು ಮೊದಲೇ ಎತ್ತಿಡಿ. ಎಲಿವೇಷನ್ನು ಆಮೇಲೆ.

ಅತಿ ಅಗ್ಗದ ದಾರಿ ಸುಣ್ಣ. ತಾರಸಿಯನ್ನು ಗುಡಿಸಿ ತೊಳೆದು, ಸುಣ್ಣಕ್ಕೆ ಹಿಡಿತ ಬರುವಷ್ಟು ಅಂಟು ಸೇರಿಸಿ, ಎರಡು ಕೈ ಬಳಿದರೆ ಬಿಸಿಲಿನ ದೊಡ್ಡ ಪಾಲು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಒಳಗೆ 2ರಿಂದ 5 ಡಿಗ್ರಿಯವರೆಗೆ ಶಾಖ ಇಳಿಯುತ್ತದೆಂಬುದು ಪ್ರಯೋಗ ಮಾಡಿ ನೋಡಿದವರ ಲೆಕ್ಕ. ಮಳೆಗೆ ತೊಳೆದು ಹೋಗುತ್ತದೆ. ವರ್ಷಕ್ಕೊಮ್ಮೆ, ಶಿವರಾತ್ರಿ ಕಳೆದೊಡನೆ, ಮತ್ತೆ ಬಳಿಯಬೇಕು. ಬಳಿಯುವಾಗ ಕಣ್ಣು ಜೋಪಾನ. ಅಹಮದಾಬಾದಿನವರು ಆ ಸಾವುಗಳಿಂದ ಪಾಠ ಕಲಿತು 2013ರಲ್ಲಿ ಶಾಖವನ್ನೆದುರಿಸುವ ಯೋಜನೆಯೊಂದನ್ನು ಮಾಡಿಕೊಂಡರು, 2017ರಲ್ಲಿ ಬಡವರ ಸುಮಾರು 3,000 ಮನೆಗಳ ಸೂರಿಗೆ ಬಿಳಿ ಬಳಿಸಿದರು. ರಾಯಚೂರಿನ ಗಡಿ ದಾಟಿದರೆ ಸಿಗುವ ತೆಲಂಗಾಣ 2023ರಲ್ಲಿ ತಂಪು ಸೂರುಗಳಿಗೆಂದೇ ಒಂದು ನೀತಿಯನ್ನು ಹೊರಡಿಸಿತು. ಗಡಿಯ ಈಚೆಗೂ ಬಿಸಿಲು ಅದೇ.

ಸುಣ್ಣಕ್ಕಿಂತ ಗಟ್ಟಿಯಾದ ದಾರಿಗಳೂ ಇವೆ. ಇಟ್ಟಿಗೆ ಚೂರು ಮತ್ತು ಸುಣ್ಣದ ಗಾರೆಯನ್ನು ಮೂರು ನಾಲ್ಕು ಇಂಚು ಹಾಕಿ ಬಡಿದು ಕೂರಿಸುವುದು ನಮ್ಮ ಹಳೆಯ ಮೇಸ್ತ್ರಿಗಳ ಪದ್ಧತಿ. ಅದರ ಮೇಲೆ ಬಿಳಿ ಟೈಲ್ಸಿನ ಚೂರುಗಳನ್ನು ಒತ್ತಿದರೆ ಬಿಸಿಲೂ ಹಿಂದಿರುಗುತ್ತದೆ, ನೀರೂ ಇಳಿಯುವುದಿಲ್ಲ. ಟೈಲ್ಸ್ ಅಂಗಡಿಯವರು ಒಡೆದ ಮಾಲನ್ನು ಒಂದು ಮೂಲೆಗೆ ರಾಶಿ ಹಾಕಿರುತ್ತಾರೆ, ಕೇಳಿ ನೋಡಿ. ಸಣ್ಣ ಮಡಕೆಗಳನ್ನು ಬೋರಲು ಹಾಕಿ ನಡುವೆ ಗಾರೆ ತುಂಬುವವರೂ ಇದ್ದಾರೆ. ಮಡಕೆಯೊಳಗೆ ಸಿಕ್ಕಿಬಿದ್ದ ಗಾಳಿ ಶಾಖವನ್ನು ಕೆಳಕ್ಕೆ ಬಿಡುವುದಿಲ್ಲ. ಕೈಯಲ್ಲಿ ಇನ್ನೂ ಸ್ವಲ್ಪ ದುಡ್ಡಿದ್ದವರು ಒಂದೂವರೆ ಇಂಚಿನ ಗಟ್ಟಿ ಫೋಮ್ ಹಲಗೆ ಹಾಸಿಸಿ ಮೇಲೆ ಗಾರೆ ಹಾಕಿಸಬಹುದು. ಥರ್ಮೋಕೋಲಿನ ಜಾತಿಯದೇ, ಆದರೆ ಮೇಲೆ ಓಡಾಡುವ ಭಾರವನ್ನು ತಡೆಯುವಂಥದು. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಇದೇ.

ಮೇಸ್ತ್ರಿಗಳ ತಕರಾರನ್ನೂ ನಾವು ಕೇಳಿದ್ದೇವೆ. "ಮೇಲೆ ಭಾರ ಹಾಕಿದರೆ ಸ್ಲ್ಯಾಬು ತಡೆಯುವುದಿಲ್ಲ" ಎನ್ನುತ್ತಾರೆ. ಇಟ್ಟಿಗೆ ಚೂರಿನ ಪದರಕ್ಕೆ ಭಾರವಿರುವುದು ನಿಜವೇ. ಅದಕ್ಕಾಗಿಯೇ ಕಬ್ಬಿಣ ಕಟ್ಟುವ ಮೊದಲೇ ಹೇಳಬೇಕು, ಗೃಹಪ್ರವೇಶದ ಹಿಂದಿನ ವಾರ ಅಲ್ಲ. ಸುಣ್ಣಕ್ಕೂ ಫೋಮಿಗೂ ಭಾರದ ಮಾತೇ ಬರುವುದಿಲ್ಲ. ಇನ್ನು "ದುಡ್ಡಿಲ್ಲ" ಎಂಬ ತಕರಾರು. ನಾವು ನೋಡಿದ ಮನೆಗಳ ಮುಂಭಾಗದಲ್ಲಿ ಸಿಂಹದ ಮುಖ, ಕಲ್ಲಿನ ಹೊದಿಕೆ, ಸ್ಟೀಲಿನ ಕಂಬಿ, ಎರಡು ಬಗೆಯ ಬಣ್ಣ ಇದ್ದವು. ಅದನ್ನೆಲ್ಲ ನೋಡುವವರು ಬೀದಿಯವರು. ಮಲಗುವವರು ಒಳಗಿನವರು. ನೆಂಟರೆದುರು ಮರ್ಯಾದೆ ಬೇಡವೇ ಎಂದು ನಮ್ಮನ್ನು ಕೇಳಿದವರಿದ್ದಾರೆ. ಬೇಕು, ಇರಲಿ, ಸಿಂಹ ಒಂದು ಸಾಕು, ಎರಡು ಬೇಡ.

ಗೋಡೆಗಳ ವಿಷಯದಲ್ಲಿ ಹೇಳಬೇಕಾದ್ದು ಕಡಿಮೆ, ಆದರೆ ಪಶ್ಚಿಮದ ಗೋಡೆಯನ್ನು ಮರೆಯಬಾರದು. ಮೂರು ಗಂಟೆಯ ಮೇಲೆ ಇಳಿಬಿಸಿಲು ಅದಕ್ಕೆ ನೇರವಾಗಿ ಬಡಿಯುತ್ತದೆ, ಚಜ್ಜ ಅದನ್ನು ತಡೆಯಲಾರದು. ಮಲಗುವ ಕೋಣೆಯ ಹೊರಗೋಡೆ ಅತ್ತ ಇರದಂತೆ ನೋಡಿಕೊಳ್ಳಿ. ಬಚ್ಚಲು, ಮೆಟ್ಟಿಲು, ಸಾಮಾನು ಕೋಣೆ ಅತ್ತ ಹೋಗಲಿ. ಬಿಸಿಲು ಅವುಗಳ ಮೇಲೆ ಬಿದ್ದು ಸಾಯಲಿ. ಸೈಟಿನ ಅಳತೆ ಹಾಗೆ ಬಿಡದಿದ್ದರೆ ಆ ಕಡೆ ಬೇವಿನ ಸಸಿ ನೆಡಿ, ಅದೂ ಆಗದಿದ್ದರೆ ಬಳ್ಳಿ ಹಬ್ಬಿಸಿ. ನಾಲ್ಕಿಂಚಿನ ಸಾಲಿಡ್ ಬ್ಲಾಕಿನ ಗೋಡೆಯನ್ನು ಪಶ್ಚಿಮಕ್ಕೆ ಕಟ್ಟಿ ಅದಕ್ಕೆ ಒತ್ತಿಕೊಂಡು ಮಂಚ ಹಾಕುವುದೆಂದರೆ ಕುಲುಮೆಯ ಪಕ್ಕದಲ್ಲಿ ಮಲಗಿದ ಹಾಗೆ. ಕಿಟಕಿಗಳು ಎದುರುಬದುರಾಗಿರಲಿ. ಒಂದೇ ಕಿಟಕಿಯಿರುವ ಕೋಣೆಗೆ ಗಾಳಿ ಒಳಕ್ಕೆ ಬರಲಾರದು, ಏಕೆಂದರೆ ಹೊರಕ್ಕೆ ಹೋಗಲು ಅದಕ್ಕೆ ದಾರಿಯಿಲ್ಲ. ಸೂರಿನ ಕೆಳಗೇ ಒಂದೆರಡು ಗವಾಕ್ಷಿ ಬಿಟ್ಟರೆ ಕಾದ ಗಾಳಿ ಅಲ್ಲಿಂದ ಹೊರಟುಹೋಗುತ್ತದೆ. ಹಿಂದೆ ಎಲ್ಲ ಮನೆಗಳಲ್ಲೂ ಇದ್ದ ಈ ಗವಾಕ್ಷಿಗಳನ್ನು ಈಗ ಹಳೇ ಫ್ಯಾಷನ್ ಎಂದು ಮುಚ್ಚಿಬಿಟ್ಟಿದ್ದಾರೆ. ವಾಸ್ತು ಹೇಳುವವರಿಗೆ ಐನೂರು ಸಾವಿರ ಕೊಟ್ಟು ಬಾಗಿಲಿನ ದಿಕ್ಕು ಕೇಳುವ ನಮ್ಮ ಜನ, ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆಂದು ಆ ಸೈಟಿನ ಮೇಲೆ ಒಂದು ಸಂಜೆ ನಿಂತು ನೋಡುವುದಿಲ್ಲ. ಅದಕ್ಕೆ ದಕ್ಷಿಣೆಯೂ ಬೇಡ.

ಶಕ್ತಿ ಖರ್ಚಾಗುವುದು ಮನೆಯಲ್ಲಿ ವಾಸ ಮಾಡುವಾಗ ಮಾತ್ರವಲ್ಲ, ಕಟ್ಟುವಾಗಲೂ ಆಗುತ್ತದೆ. ಇಟ್ಟಿಗೆ ಭಟ್ಟಿಯ ಸೌದೆ, ಸಿಮೆಂಟು ಕಾರ್ಖಾನೆಯ ಕಲ್ಲಿದ್ದಲು, ಕಬ್ಬಿಣದ ಕುಲುಮೆ, ಎಲ್ಲದರ ಬೆಲೆಯೂ ಕೊನೆಗೆ ನಮ್ಮ ಸಾಲಕ್ಕೇ ಸೇರುತ್ತದೆ. ಇಲ್ಲಿ ನಮ್ಮ ನಾಡಿನವರೇ ಮಾಡಿದ ಕೆಲಸವನ್ನು ನಾವು ಮರೆತಿದ್ದೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಹಳ್ಳಿಗೆ, ಬಡವರಿಗೆ ಉಪಯೋಗಕ್ಕೆ ಬರುವ ತಂತ್ರವಿದ್ಯೆಯನ್ನು ಹುಡುಕುವುದು ಅದರ ಗುರಿ. ಮರಳು ಬೆರೆತ ಕೆಮ್ಮಣ್ಣಿಗೆ ಸ್ವಲ್ಪ ಸಿಮೆಂಟು ಸೇರಿಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವುದನ್ನು ಅಲ್ಲಿ ಪಳಗಿಸಿದರು. ಅಂಥ ಇಟ್ಟಿಗೆಗೆ ಸುಟ್ಟ ಇಟ್ಟಿಗೆಯ ನಾಲ್ಕನೆಯ ಒಂದು ಭಾಗದಷ್ಟು ಶಕ್ತಿ ಸಾಕು ಎಂದು ಆ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಲೆಕ್ಕ ತೋರಿಸಿದರು. ಕಪ್ಪುಮಣ್ಣಿಗೆ ಈ ಪದ್ಧತಿ ಒಗ್ಗದು, ಎರೆನೆಲದವರು ಕೆಮ್ಮಣ್ಣು ತರಿಸಬೇಕು. ಕೇರಳದಲ್ಲಿ ಲಾರಿ ಬೇಕರ್ ಎಂಬ ಇಂಗ್ಲೆಂಡಿನಿಂದ ಬಂದು ನೆಲೆಸಿದ ಶಿಲ್ಪಿ, 2007ರಲ್ಲಿ ತೀರಿಕೊಳ್ಳುವವರೆಗೂ, ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟಿಸುತ್ತಿದ್ದರು. ಇಟ್ಟಿಗೆಯಲ್ಲಿ ಕಾಲುಭಾಗ ಉಳಿತಾಯ, ಪೊಳ್ಳಿನಿಂದ ತಂಪು. ಸ್ಲ್ಯಾಬಿನ ಕೆಳಪದರದಲ್ಲಿ ಕಾಂಕ್ರೀಟಿನ ಬದಲು ಹಳೆಯ ಮಂಗಳೂರು ಹೆಂಚುಗಳನ್ನು ಕೂರಿಸುವುದು ಅವರ ಇನ್ನೊಂದು ಉಪಾಯ. ಕೇರಳದ ಮಾಜಿ ಮುಖ್ಯಮಂತ್ರಿ ಅಚ್ಯುತ ಮೆನನ್ ಅವರು 1985ರಲ್ಲಿ ಇದೇ ಬೇಕರರ ಜೊತೆ ಸೇರಿ ಅಗ್ಗದ ಮನೆಗಳ ಸಂಸ್ಥೆಯನ್ನು ಕಟ್ಟಲು ನಿಂತರು. ಅಧಿಕಾರ ಬಿಟ್ಟ ಮೇಲೆ ಮುಖ್ಯಮಂತ್ರಿಯೊಬ್ಬರು ಇಟ್ಟಿಗೆಯ ಚಿಂತೆ ಮಾಡಿದ್ದನ್ನು ನಮ್ಮ ನಾಯಕರಿಗೆ ಯಾರಾದರೂ ತಿಳಿಸಬೇಕು.

ಇನ್ನು ಬಿಲ್ಲಿನ ಲೆಕ್ಕಕ್ಕೆ ಬರೋಣ. ಗೃಹಜ್ಯೋತಿ ಬಂದದ್ದು 2023ರಲ್ಲಿ. 200 ಯೂನಿಟ್ ಉಚಿತ ಎಂದು ಸಾರಿದರೂ, ಹಳೆಯ ಗ್ರಾಹಕರಿಗೆ ಅವರ ಹಿಂದಿನ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ ಮಿತಿ ಹಾಕಿದರು. ಹಿಂದಿನ ಲೆಕ್ಕವೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಯೂನಿಟ್, ಅದಕ್ಕೆ ಶೇ. 10 ಸೇರಿಸಿ 58 ಎಂದು ಗೊತ್ತುಮಾಡಿದರು. ಈಗ ಗುಣಾಕಾರ ಮಾಡಿ. ಸಾಮಾನ್ಯ ಸೀಲಿಂಗ್ ಫ್ಯಾನು 75 ವಾಟ್ ತಿನ್ನುತ್ತದೆ. ಕಾದ ಸೂರಿನ ಕೆಳಗೆ ದಿನಕ್ಕೆ 16 ತಾಸು ತಿರುಗುವ ಎರಡು ಫ್ಯಾನುಗಳಿಗೆ ತಿಂಗಳಿಗೆ 72 ಯೂನಿಟ್. ದೀಪ ಹಚ್ಚುವ ಮೊದಲೇ, ಮಿಕ್ಸಿ ತಿರುಗುವ ಮೊದಲೇ, ಉಚಿತದ ಪಾಲು ಮುಗಿದು ಹದಿನಾಲ್ಕು ಯೂನಿಟ್ ಬಾಕಿ ಬಿತ್ತು. ಈಚಿನ ಬಿ.ಎಲ್.ಡಿ.ಸಿ. ಫ್ಯಾನು ಸುಮಾರು 30 ವಾಟಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ಅಂಥ ಎರಡಕ್ಕೆ ತಿಂಗಳಿಗೆ 29 ಯೂನಿಟ್ಟಿಗಿಂತ ಕಡಿಮೆ. ಕೊಳ್ಳುವಾಗ ಬೆಲೆ ಹೆಚ್ಚು, ಒಪ್ಪಿದೆವು. ಹಳೆಯದು ಕೆಟ್ಟಾಗಲಾದರೂ ಬದಲಿಸಿ.

ಆದರೆ ಫ್ಯಾನಿಗೂ ಬಗ್ಗದ ಸೂರಿನ ಕೆಳಗೆ ಜನ ಕಂತಿನ ಮೇಲೆ ಎ.ಸಿ. ತರುತ್ತಾರೆ. ಒಂದು ಟನ್ನಿನ ಎ.ಸಿ. ತಾಸಿಗೆ ಹತ್ತಿರ ಹತ್ತಿರ ಒಂದು ಯೂನಿಟ್. ರಾತ್ರಿ ಎಂಟು ತಾಸು ಹಾಕಿದರೆ ತಿಂಗಳಿಗೆ 240. ಇನ್ನೂರು ಮೀರಿದ ತಿಂಗಳು ಗೃಹಜ್ಯೋತಿಯ ಒಂದು ಯೂನಿಟ್ಟೂ ಉಚಿತವಿಲ್ಲ, ಬಿಲ್ಲು ಪೂರ್ತಿ ಬರುತ್ತದೆ. ಎ.ಸಿ. ಕಂಪನಿಗೆ ಕಂತು, ವಿದ್ಯುತ್ ಕಂಪನಿಗೆ ಬಿಲ್ಲು, ಬ್ಯಾಂಕಿಗೆ ಮನೆಯ ಕಂತು. ಸ್ಲ್ಯಾಬಿನ ಮೇಲೆ ಹಾಕದೆ ಉಳಿಸಿದ ದುಡ್ಡು ಹೀಗೆ ಮೂರು ಬಾಗಿಲಿಗೆ ಹೋಗುತ್ತದೆ.

ಅಂಗಡಿಯವರ ಪಾಡು ಇನ್ನೊಂದು ತರಹದ್ದು. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯ ಮೀಟರಿಗೆ ಗೃಹಜ್ಯೋತಿಯಿಲ್ಲ. ಅದು ವಾಣಿಜ್ಯದ ದರ. ಪಶ್ಚಿಮಕ್ಕೆ ಮುಖವಿರುವ ಅಂಗಡಿಯ ಕಬ್ಬಿಣದ ಷಟರು ಮಧ್ಯಾಹ್ನದ ಮೇಲೆ ಕೈ ಸುಡುತ್ತದೆ. ಒಳಗೆ ಬೆಲ್ಲ ನೀರೊಡೆಯುತ್ತದೆ, ಎಣ್ಣೆ ಕಮಟುತ್ತದೆ, ಬಿಸ್ಕತ್ತಿನ ಪೊಟ್ಟಣ ಮೆತ್ತಗಾಗುತ್ತದೆ, ತಂಪು ಪಾನೀಯದ ಫ್ರಿಜ್ಜು ದಮ್ಮು ಹಿಡಿದವರ ಹಾಗೆ ಇಡೀ ದಿನ ಏದುತ್ತದೆ. ಆ ಫ್ರಿಜ್ಜಿನ ಬೆನ್ನನ್ನು ಗೋಡೆಗೆ ಒತ್ತಿಡದೆ ಗೇಣು ಜಾಗ ಬಿಟ್ಟರೆ, ಅಂಗಡಿಯ ಮುಂದೆ ಬಿಳಿಯ ಇಳಿಮಾಡು ಕಟ್ಟಿದರೆ, ಅಷ್ಟರಿಂದಲೇ ಅದರ ಉಸಿರು ಸ್ವಲ್ಪ ಇಳಿಯುತ್ತದೆ. ರಸ್ತೆ ಅಗಲಿಸುವವರು ಈ ಇಳಿಮಾಡನ್ನೇ ಮೊದಲು ಕಿತ್ತೊಗೆಯುವುದನ್ನೂ, ಅದೇ ರಸ್ತೆಯ ಮರಗಳನ್ನು ಅದಕ್ಕೂ ಮೊದಲೇ ಕಡಿಯುವುದನ್ನೂ ನಾವು ನೋಡಿಲ್ಲದವರೇನಲ್ಲ. ಆ ವಿಷಯವನ್ನು ಬೇರೊಂದು ವಾರ ಎತ್ತಿಕೊಳ್ಳುತ್ತೇವೆ.

ಇಷ್ಟೆಲ್ಲ ಕೇಳಿದವರು ಇದಕ್ಕೊಂದು ಕಾನೂನು ಬೇಡವೇ ಎನ್ನಬಹುದು. ಕಾನೂನು ಇದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ 'ಇಕೋ ನಿವಾಸ್ ಸಂಹಿತಾ' ಎಂಬ ನಿಯಮಾವಳಿಯನ್ನು ಹೊರತಂದಿತು. ಮನೆಯ ಸೂರಿನ ಒಂದು ಚದರ ಮೀಟರಿನಿಂದ, ಒಳಗೂ ಹೊರಗೂ ಒಂದು ಡಿಗ್ರಿ ಅಂತರವಿದ್ದಾಗ, 1.2 ವಾಟಿಗಿಂತ ಹೆಚ್ಚು ಶಾಖ ಹರಿಯಬಾರದೆಂಬುದು ಅದರಲ್ಲಿನ ಒಂದು ನಿಯಮ. ಬರೀ ಆರ್.ಸಿ.ಸಿ. ಸ್ಲ್ಯಾಬಿನಲ್ಲಿ ಅದರ ಎರಡು ಪಟ್ಟಿಗೂ ಮಿಕ್ಕಿ ಹರಿಯುತ್ತದೆ. ಒಳ್ಳೆಯ ನಿಯಮವೇ. ಆದರೆ ಅದು ಅನ್ವಯಿಸಿದ್ದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನಗಳಿಗೆ! ನಮ್ಮವರ 30×40 ಸೈಟು 112 ಚದರ ಮೀಟರೂ ಆಗುವುದಿಲ್ಲ, 20×30 ಅದರ ಅರ್ಧ. ನಾಲ್ಕೂವರೆ ಸೈಟು ಕೂಡಿಸಿ ಕಾಂಪೌಂಡು ಹಾಕಿಸಿಕೊಂಡವನ ತಂಪಿನ ಬಗ್ಗೆ ಸರ್ಕಾರಕ್ಕೆ ಕಾಳಜಿ ಹುಟ್ಟಿತು. ಅವನಿಗೋ ಆ ಕಾಳಜಿ ಬೇಕೇ ಇರಲಿಲ್ಲ. ಸಣ್ಣ ಮನೆಯವನ ಮೇಲೆ ದಂಡದ ಭಯವಿರುವ ಮತ್ತೊಂದು ಕಾನೂನನ್ನು ಹೇರಿ ಎಂದು ನಾವು ಕೇಳುತ್ತಿಲ್ಲ. ಲೈಸೆನ್ಸಿನ ಹೆಸರಿನಲ್ಲಿ ಈಗಾಗಲೇ ಸುಲಿಯುವವರಿಗೆ ಇನ್ನೊಂದು ಕತ್ತಿ ಕೊಟ್ಟಂತಾದೀತು. ಅವನಿಗೆ ಬೇಕಾದುದು ನೆರವು.

ಸರ್ಕಾರದ ದುಡ್ಡಿನಲ್ಲಿ ಏಳುವ ಮನೆಗಳ ಮಾತೇ ಬೇರೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಡಿ ಊರುಗಳಲ್ಲಿ ಸ್ವಂತ ಸೈಟಿನಲ್ಲಿ ಕಟ್ಟಿಕೊಳ್ಳುವ ಬಡವನಿಗೆ ಕೇಂದ್ರದಿಂದ ಒಂದೂವರೆ ಲಕ್ಷ. ಪಾಯಕ್ಕೆ ಒಂದು ಫೋಟೋ, ಲಿಂಟಲಿಗೆ ಒಂದು, ಸ್ಲ್ಯಾಬಿಗೆ ಒಂದು. ಫೋಟೋ ಸರಿಯಿದ್ದರೆ ಕಂತು ಬಿಡುಗಡೆ. ಸ್ಲ್ಯಾಬಿನ ಮೇಲೆ ಏನಿದೆ ಎಂಬುದಕ್ಕೆ ಫೋಟೋ ಇಲ್ಲ, ಅದಕ್ಕೆ ಕಂತೂ ಇಲ್ಲ. ಸೂರಿಲ್ಲದವನಿಗೆ ಸೂರು ಕೊಟ್ಟೆವೆಂದು ಫಲಕ ಹಾಕುತ್ತಾರೆ. ಸರ್ಕಾರಿ ವಸತಿ ಯೋಜನೆಗಳ ಪ್ರತಿ ಮನೆಗೂ ಸೂರಿನ ತಂಪಿಗೆಂದು ಪ್ರತ್ಯೇಕ ಕಂತೊಂದನ್ನು ಸೇರಿಸಬೇಕೆಂಬುದು ನಮ್ಮ ಬೇಡಿಕೆ. ಸ್ವಂತ ಸಾಲದಲ್ಲಿ ಕಟ್ಟುವ ಸಣ್ಣವರಿಗೆ, ಸೂರಿಗೆ ತಂಪಿನ ಪದರ ಹಾಕಿಸಿದರೆ ಕೆಲವು ವರ್ಷ ಮನೆಕಂದಾಯದಲ್ಲಿ ರಿಯಾಯಿತಿ ಸಿಗಬೇಕು. ಉಚಿತ ಕರೆಂಟನ್ನು ನಾವು ವಿರೋಧಿಸುವವರಲ್ಲ. ಅದು ಬಡವನ ಮನೆಯಲ್ಲಿ ದೀಪ ಉರಿಸಿದೆ. ಆದರೆ ಕಾದ ಸೂರಿನ ಕೆಳಗೆ ಫ್ಯಾನು ತಿರುಗಿಸಲೆಂದು ವರ್ಷ ವರ್ಷ ಕೊಡುವ ದುಡ್ಡಿನಲ್ಲಿ ಒಂದು ಪಾಲನ್ನು ಒಂದೇ ಸಲ ಆ ಸೂರಿಗೇ ಹಾಕಿದರೆ ಸರ್ಕಾರಕ್ಕೂ ಉಳಿತಾಯವೇ. ಈ ಲೆಕ್ಕವನ್ನು ವಿದ್ಯುತ್ ಕಂಪನಿಗಳ ಅಧಿಕಾರಿಗಳು ಮಾಡದಿರುವುದಕ್ಕೆ ಕಾರಣ ಅವರೇ ಹೇಳಲಿ.

ಬಾಡಿಗೆಯವರನ್ನು ಮರೆತರೆ ಈ ಲೇಖನ ಅರ್ಧವಾಗುತ್ತದೆ. ನಮ್ಮ ಓದುಗರಲ್ಲಿ ಬಹಳ ಮಂದಿಗೆ ಸ್ವಂತ ಮನೆಯೇ ಇಲ್ಲ. ಮಹಡಿಯ ಮೇಲೊಂದು ಕೋಣೆ ಎತ್ತಿಸಿ ಬಾಡಿಗೆಗೆ ಬಿಡುವ ಯಜಮಾನ ಸೂರಿನ ಮೇಲೆ ಖರ್ಚು ಮಾಡಲು ಕಾರಣವೇನಿದೆ? ಉಳಿದ ದುಡ್ಡು ಅವನದು, ಬರುವ ಬಿಲ್ಲು ಬಾಡಿಗೆಯವನದು. ಹೇಳಿದರೆ "ಇಷ್ಟವಿದ್ದರೆ ಇರಿ" ಎಂಬ ಉತ್ತರ. 2024ರಲ್ಲಿ ಆರಂಭವಾದ ಸೂರ್ಯಘರ್ ಯೋಜನೆಯಲ್ಲಿ ತಾರಸಿಯ ಮೇಲೆ ಸೌರಫಲಕ ಹಾಕುವವರಿಗೆ ಕಿಲೋವಾಟಿಗೆ 30,000ದಂತೆ ಎರಡು ಕಿಲೋವಾಟಿನವರೆಗೆ, ಮೂರಕ್ಕೆ ಒಟ್ಟು 78,000 ರೂಪಾಯಿ ಸಹಾಯಧನ ಗೊತ್ತಾಯಿತು. ಫಲಕದ ನೆರಳು ಸೂರಿಗೂ ಬೀಳುತ್ತದೆ, ಒಳ್ಳೆಯದೇ. ಆದರೆ ತಾರಸಿ ಯಾರದೋ ಸಹಾಯಧನ ಅವರದು. ಬಾಡಿಗೆಯವರು ವಠಾರ ವಠಾರವಾಗಿ ಕೂಡಿ, ಬೇಸಿಗೆಗೆ ಮುಂಚೆ ಸುಣ್ಣ ಬಳಿಸಿಕೊಡಿ ಎಂದು ಯಜಮಾನರನ್ನು ಕೇಳಬೇಕು. ಒಪ್ಪದಿದ್ದರೆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಲು ಮಾತಾಡಬೇಕು. ಹತ್ತು ಮನೆಯವರು ಒಟ್ಟಿಗೆ ಕೇಳಿದಾಗ ಇಲ್ಲವೆನ್ನುವುದು ಅಷ್ಟು ಸುಲಭವಲ್ಲ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ನಿವೇಶನ ಕೊಡಿ, ಪಟ್ಟಾ ಕೊಡಿ, ಕರೆಂಟು ಕೊಡಿ ಎಂದು ನಾವು ಎಷ್ಟೋ ಮೆರವಣಿಗೆ ಹೊರಡಿಸಿದ್ದೇವೆ. ಎಂಥ ಮನೆ ಎಂದು ಒಮ್ಮೆಯೂ ಕೇಳಲಿಲ್ಲ. ಆ ಬಡಾವಣೆಯ ಸೈಟುಗಳಿಗಾಗಿ ಕಚೇರಿಯ ಮುಂದೆ ಧರಣಿ ಕೂತವರಲ್ಲಿ ನಾವೂ ಇದ್ದೆವು. ಅದೇ ಬಡಾವಣೆಯ ಗೆಳೆಯರು ಗೋಡೆಯ ನೆರಳಿನಲ್ಲಿ ಮಲಗಿದ್ದನ್ನು ನೋಡಿದಾಗ ನಮಗೆ ಆಡಲು ಮಾತು ತೋಚಲಿಲ್ಲ. ಇನ್ನೂ ನಾಚಿಕೆಯ ಸಂಗತಿಯೆಂದರೆ ಈ ಸಾಲುಗಳನ್ನು ಬರೆಯುತ್ತಿರುವ ನಮ್ಮ ಪತ್ರಿಕಾ ಕಚೇರಿಯ ಸೂರು ಕೂಡ ಬರೀ ಸ್ಲ್ಯಾಬೇ. ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಬಿಸಿಲೇರುವ ಮೊದಲು, ಅದಕ್ಕೆ ಸುಣ್ಣ ಬಳಿಯುತ್ತೇವೆ. ಸುಣ್ಣ, ಅಂಟು, ಬಕೆಟ್ಟು ತರಿಸಿದ್ದೇವೆ. ಬ್ರಷ್ಷು ನಾಲ್ಕೇ ಇವೆ, ಇದ್ದವರು ತನ್ನಿ. ಬಳಿಯುವ ಹಿಂದಿನ ರಾತ್ರಿ ಒಂಬತ್ತಕ್ಕೂ, ಬಳಿದ ಮರುರಾತ್ರಿ ಒಂಬತ್ತಕ್ಕೂ ಸೂರಿನ ಕೆಳಗೆ ಒಂದು ಥರ್ಮಾಮೀಟರು ತೂಗುಹಾಕಿ ಅಳತೆ ಬರೆದುಕೊಳ್ಳುತ್ತೇವೆ. ಎರಡು ಅಂಕಿಗಳನ್ನೂ, ಇಳಿದಿದ್ದರೂ ಇಳಿಯದಿದ್ದರೂ, ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಅಚ್ಚುಮಾಡುತ್ತೇವೆ. ಉಪ್ಪಿಟ್ಟು, ಚಹಾ ನಮ್ಮ ಕಡೆಯಿಂದ.